ಪೇಟಿ ಕೊಳ್ಳುವ ಮುನ್ನ ರಿಪೇರಿ ಮೂಲೆ ನೋಡಿ

ವಾದ್ಯದ ಅಂಗಡಿಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹುಡುಕುವುದು ರಿಪೇರಿ ಮೂಲೆಯನ್ನು. ಅಲ್ಲಿ ಎರಡು ಮೂರು ಹಾರ್ಮೋನಿಯಂಗಳು ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರೆ, ಪಕ್ಕದಲ್ಲಿ ಸಣ್ಣ ಅರ, ಚರ್ಮದ ತುಂಡು, ಅಂಟಿನ ಡಬ್ಬಿ ಇದ್ದರೆ, ಆ ಅಂಗಡಿಯವರ ಜೊತೆ ನಿಂತು ಮಾತಾಡಬಹುದು. ಹೊಸ ವಾದ್ಯಗಳನ್ನಷ್ಟೇ ಸಾಲಾಗಿ ಜೋಡಿಸಿಟ್ಟ ಅಂಗಡಿ ಎಷ್ಟೇ ಥಳಥಳಿಸಲಿ, ಪೇಟಿಯ ಮಟ್ಟಿಗೆ ನನಗೆ ಅದು ಅರ್ಧ ಅಂಗಡಿ.

ಇದನ್ನು ಕಲಿಸಿದವರು ನಮ್ಮೂರ ಭಜನಾ ಮೇಳದ ಹಿರಿಯರು. ಕುಂದಗೋಳ ತಾಲೂಕಿನ ನಮ್ಮ ಹಳ್ಳಿಯಲ್ಲಿ ಹನುಮಪ್ಪನ ಗುಡಿಯ ಹಳೆಯ ಪೇಟಿ ಇನ್ನು ದುರಸ್ತಿಗೆ ಬಗ್ಗದು ಎಂದಾದಾಗ ಊರವರು ವಂತಿಗೆ ಎತ್ತಿದರು. ಹೊಸದನ್ನು ತರುವ ಕೆಲಸ ಅವರಿಗೂ ನನಗೂ ಬಿತ್ತು. ಕೂಲಿಗೆ ಹೋಗುವ ಮನೆಯವರೂ ಕೊಟ್ಟ ದುಡ್ಡು ಅದು. ಫೋನಿನಲ್ಲಿ ತರಿಸಿದರೆ ಹುಬ್ಬಳ್ಳಿಯ ಅಂಗಡಿಗಿಂತ ಮೂರು ನಾಲ್ಕು ಸಾವಿರ ಕಡಿಮೆಗೆ ಮನೆ ಬಾಗಿಲಿಗೇ ಬರುತ್ತದೆ ಎಂದು ಹುಡುಗರು ಹೇಳಿದರು. ಆದರೆ ಪಕ್ಕದ ಊರಿನವರು ಹಾಗೆ ತರಿಸಿದ್ದ ಪೇಟಿಯನ್ನು ಹಿರಿಯರು ಕಣ್ಣಾರೆ ನೋಡಿ ಬಂದಿದ್ದರು. ದಾರಿಯಲ್ಲಿ ಎತ್ತಿ ಒಗೆದದ್ದಕ್ಕೋ ಏನೋ ಒಳಗಿನ ರೀಡಿನ ಹಲಗೆ ಸೀಳಿತ್ತು. ಊರಲ್ಲಿ ಅದನ್ನು ಬಿಚ್ಚಬಲ್ಲವರು ಯಾರೂ ಇರಲಿಲ್ಲ, ವಾಪಸು ಕಳಿಸುವ ಗಡುವೂ ಮುಗಿದಿತ್ತು. “ಕಿವಿಲೆ ಕೇಳದ ಪೇಟಿ ಗುಡಿಗೆ ಬ್ಯಾಡ” ಎಂದು ಅವರು ಮಾತು ಮುಗಿಸಿದರು.

ಹುಬ್ಬಳ್ಳಿಯ ಅಂಗಡಿಯಲ್ಲಿ ಅವರು ಹೊಸ ಪೇಟಿಯ ಕಡೆ ತಿರುಗಿಯೂ ನೋಡದೆ ನೇರ ಹೋಗಿ ರಿಪೇರಿಯವನ ಪಕ್ಕ ಕೂತರು. ಅವನ ಮುಂದೆ ಯಾವುದೋ ನಾಟಕ ಕಂಪನಿಯ ಪೇಟಿ ಇತ್ತು. ಒಂದು ಮನೆ ಒತ್ತಿದರೆ ಬರೀ ಉಸ್ಸೆನ್ನುವ ಗಾಳಿ, ಸ್ವರವಿಲ್ಲ. ಅವನು ರೀಡಿನ ಹಲಗೆಯನ್ನು ಎಳೆದು ಬೆಳಕಿಗೆ ಹಿಡಿದ. ಹಿತ್ತಾಳೆಯ ಪಟ್ಟಿಯಲ್ಲಿ ಒಂದು ಸೀಳು, ಆ ಸೀಳಿನ ಮೇಲೆ ಒಂದೇ ತುದಿಗೆ ಬೆಸೆದ ಹಿತ್ತಾಳೆಯದೇ ತೆಳು ನಾಲಗೆ. 42 ಮನೆಯ ಡಬಲ್ ರೀಡ್ ಪೇಟಿಯೊಳಗೆ ಇಂಥವು 84 ಇರುತ್ತವೆ. ಸೀಳಿನ ಅಂಚಿಗೆ ಕಟ್ಟಿಗೆಯ ಪುಡಿಯ ಒಂದು ಕಣ ಸಿಕ್ಕಿಕೊಂಡಿತ್ತು. ತೆಳು ತಗಡಿನಿಂದ ನಾಲಗೆ ಎತ್ತಿ ಊದಿದ, ಸ್ವರ ತೆರೆದುಕೊಂಡಿತು. ಆದರೆ ಮೇಲಿನ ಸಪ್ತಕದ ಜೋಡಿಗಿಂತ ಕೂದಲೆಳೆಯಷ್ಟು ಇಳಿದಿತ್ತು. ನಾಲಗೆಯ ಕೆಳಗೆ ತಗಡು ಕೊಟ್ಟು ತುದಿಯಲ್ಲಿ ಒಂದು ಗೀರು ಎಳೆದ. ತುದಿ ಹಗುರಾದರೆ ಸ್ವರ ಏರುತ್ತದೆ, ಬುಡದಲ್ಲಿ ಗೀರಿದರೆ ಇಳಿಯುತ್ತದೆ. “ಒಂದ ಗೀರು ಹೆಚ್ಚಾದ್ರೂ ಹೋದ ಹಿತ್ತಾಳಿ ಹೊಳ್ಳಿ ಬರೂದಿಲ್ರಿ” ಎಂದ. ಮತ್ತೆ ಜೋಡಿಸಿ ನುಡಿಸಿದಾಗ ಎರಡೂ ರೀಡು ಒಂದಾಗಿ ನಿಂತವು. ಹಿರಿಯರು ನನ್ನ ಕಡೆ ನೋಡಿ ತಲೆಯಾಡಿಸಿದರು. ನಾವು ಪೇಟಿ ಕೊಂಡದ್ದು ಅಲ್ಲಿಯೇ.

ಆಮೇಲೆ ಹೊಸ ಪೇಟಿಗಳ ಪರೀಕ್ಷೆ. ಮೊದಲು ಎಲ್ಲ ಗುಂಡಿಗಳನ್ನೂ ಒಳದೂಡಿ ತಿದಿ ಒತ್ತಿಸಿದರು. ಗಾಳಿ ತುಂಬಿದ ಮೇಲೆ ತಿದಿ ಕೈಗೆ ಎದುರು ನಿಲ್ಲಬೇಕು. ಮೆತ್ತಗೆ ಒಳಗೆ ಹೋಗುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಆಮೇಲೆ ಒಂದು ಗುಂಡಿ ಎಳೆದು, ಒಂದೇ ಮನೆ ಹಿಡಿದು, ಒಂದು ಸಲ ತುಂಬಿದ ಗಾಳಿಗೆ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವುದು. ಅಂಗಡಿಯ ಹುಡುಗ ಜೋರಾಗಿ ತಿದಿ ಹೊಡೆದು ಅಬ್ಬರದ ತಾನೊಂದನ್ನು ನುಡಿಸಿ ತೋರಿಸಿದ. ಜೋರು ಗಾಳಿಗೆ ಎಲ್ಲ ರೀಡೂ ಮಾತಾಡುತ್ತವೆ. ಸಣ್ಣ ಗಾಳಿಗೆ ಯಾವುದು ತಡವರಿಸುತ್ತದೆ ಎಂಬುದು ಮುಖ್ಯ. ಹಿರಿಯರು ಉಸಿರಿನಷ್ಟೇ ಗಾಳಿ ಕೊಡುತ್ತ ಒಂದೊಂದೇ ಮನೆ ಮುಟ್ಟಿ, ತಡವಾಗಿ ನುಡಿಯುವವಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಕೆಳಸಪ್ತಕದ ರೀಡು ದೊಡ್ಡದಾದ್ದರಿಂದ ತುಸು ನಿಧಾನವಾಗಿಯೇ ಏಳುತ್ತದೆ, ಅದು ದೋಷವಲ್ಲ. ಮಧ್ಯಸಪ್ತಕದಲ್ಲಿ ತಡವಾದರೆ ಒಪ್ಪಬಾರದು. ಕೊನೆಗೆ ಎರಡೂ ಸಾಲಿನ ರೀಡು ಕೂಡಿಸಿ ಒಂದೇ ಮನೆ ದೀರ್ಘವಾಗಿ ಹಿಡಿದರು. ಸ್ವರ ತುಯ್ಯುತ್ತ ಅಲೆ ಅಲೆಯಾಗಿ ಬಂದರೆ ಸಾಲುಗಳು ಶ್ರುತಿಯಲ್ಲಿ ಕೂಡಿಲ್ಲ ಎಂದರ್ಥ. ಕಿವಿಗೆ ಈ ಅಲೆ ಒಮ್ಮೆ ಗುರುತಾದರೆ ಮತ್ತೆ ಮರೆಯುವುದಿಲ್ಲ, ನನಗೆ ಗುರುತಾದದ್ದು ಅಂದೇ.

ಪೆಟ್ಟಿಗೆಯ ಮೇಲೆ ‘ಜರ್ಮನ್ ರೀಡ್’ ಎಂದು ಬರೆದದ್ದಕ್ಕೆ ಅವರು ಬೆಲೆ ಕೊಡಲಿಲ್ಲ. ಗುಜರಾತಿನ ಪಾಲಿತಾಣಾದ ರೀಡುಗಳು ನಮ್ಮ ಪೇಟಿಗಳಲ್ಲಿ ಬಹಳ ಕಾಲದಿಂದ ನುಡಿಯುತ್ತಿವೆ, ಚೆನ್ನಾಗಿ ಕೂರಿಸಿದರೆ ಅವು ಯಾವುದಕ್ಕೂ ಕಡಿಮೆಯಿಲ್ಲ. ಮನೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೇಟಿಯ ಬಗ್ಗೆಯೂ ಅಂಗಡಿಯವರು ಒತ್ತಾಯ ಮಾಡಿದರು. ಹತ್ತು ಗಾಯಕರಿಗೆ ಹತ್ತು ಪಟ್ಟಿಯಲ್ಲಿ, ಅಂದರೆ ಹತ್ತು ಆಧಾರ ಶ್ರುತಿಯಲ್ಲಿ, ಸಾಥ್ ಕೊಡುವವರಿಗೆ ಅದು ವರ. ಗುಡಿಯಲ್ಲಿ ಹಾಡುವವರ ಪಟ್ಟಿ ಗೊತ್ತಿರುವಾಗ, ಭಾರವೂ ಬೆಲೆಯೂ ಹೆಚ್ಚಿರುವ, ಜಾರುವ ಭಾಗಗಳೂ ಹೆಚ್ಚಿರುವ ಪೇಟಿ ನಮಗೆ ಬೇಡವೆನಿಸಿತು.

ಪಟ್ಟಿಯ ಮಾತನ್ನು ಅಂಗಡಿಗೆ ಹೋಗುವ ಮೊದಲೇ ಇತ್ಯರ್ಥ ಮಾಡಿಕೊಂಡಿರಬೇಕು. ನಮ್ಮ ಮೇಳದ ಗಂಡಸರು ಕರಿ ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುತ್ತಾರೆ. ಅದನ್ನೇ ಷಡ್ಜ ಮಾಡಿ ನುಡಿಸಿದರೆ ಗಾಂಧಾರ ತುಸು ಚುಚ್ಚುತ್ತದೆ. ಸಪ್ತಕವನ್ನು 12 ಸಮಪಾಲು ಮಾಡಿ ಶ್ರುತಿ ಕೂಡಿಸಿರುವುದರಿಂದ ಹೀಗಾಗುತ್ತದೆ. ಒಂದು ಅರೆಸ್ವರವನ್ನು 100 ಪಾಲು ಮಾಡಿದರೆ, ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಪೇಟಿಯ ಗಾಂಧಾರ ಸುಮಾರು 14 ಪಾಲು ಏರಿರುತ್ತದೆ. ಈ ಸಮಪಾಲಿನ ಶ್ರುತಿಯ ಬಗೆಗೂ, ಸ್ವರದಿಂದ ಸ್ವರಕ್ಕೆ ಮೀಂಡಿನಲ್ಲಿ ಜಾರಲಾಗದ ಬಗೆಗೂ ಇದ್ದ ತಕರಾರಿನಿಂದಲೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು, ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಅಷ್ಟು ವರ್ಷ ನಮ್ಮ ಭಾಗದ ಗುಡಿ, ಮಠ, ನಾಟಕದ ಥಿಯೇಟರುಗಳಲ್ಲಿ ಪೇಟಿ ಒಂದು ದಿನವೂ ನಿಲ್ಲಲಿಲ್ಲ. ಬೆಳಗಾವಿಯ ಆರ್. ಕೆ. ಬಿಜಾಪುರೆಯವರಂಥವರ ಕೈಯಲ್ಲಿ ಅದು ಕಂಠದ ನೆರಳಾಗಿ ನಡೆಯಿತು. ತಕರಾರಿನಲ್ಲಿ ಸತ್ಯವಿದೆ, ಬಹಿಷ್ಕಾರದಲ್ಲಿ ನ್ಯಾಯವಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಗಾಂಧಾರದ ಈ ತೊಡಕಿಗೊಂದು ದಾರಿಯೂ ಇದೆ. ಹೇಳಿದರೆ ರಿಪೇರಿಯವನು ಒಂದೇ ಪಟ್ಟಿಗೆ ಹೊಂದುವಂತೆ, ಗಾಂಧಾರವನ್ನು ತಂಬೂರಿಗೆ ಕೂಡಿಸಿ ಶ್ರುತಿ ಮಾಡಿಕೊಡುತ್ತಾನೆ. ಖಯಾಲ್ ಕಲಿಯುವವರಿಗೆ ಇದು ಉತ್ತಮ. ಆದರೆ ಆಮೇಲೆ ಬೇರೆ ಪಟ್ಟಿ ಹಿಡಿದರೆ ಸ್ವರಗಳು ಕೆಡುತ್ತವೆ. ನಮ್ಮಲ್ಲಿ ಶ್ರಾವಣದಲ್ಲಿ ಬೇರೆ ಊರಿನವರೂ ಬಂದು ಹಾಡುವುದರಿಂದ ಸಮಪಾಲಿನ ಶ್ರುತಿಯನ್ನೇ ಉಳಿಸಿಕೊಂಡೆವು.

ಬೆಲೆ 18,000ಕ್ಕೆ ನಿಂತಿತು. ಇನ್ನೂ ಇಳಿಸಬಹುದಿತ್ತೇನೋ. ಹಿರಿಯರು ಇಳಿಸುವ ಬದಲು ಬಿಲ್ಲಿನ ಹಿಂದೆ ಎರಡು ಸಾಲು ಬರೆಸಿದರು: ಗುರುತು ಹಾಕಿದ ಮನೆಗಳನ್ನು ಅಂದೇ ಸರಿಮಾಡಿ ಕೊಡುವುದು, ಮೊದಲ ವರ್ಷ ಒಂದು ಸಲ ಶ್ರುತಿ ಪುಕ್ಕಟೆ. ಹೊಸ ರೀಡು ನುಡಿದು ನುಡಿದು ಪಳಗುವಾಗ ಶ್ರುತಿ ತುಸು ಸರಿಯುತ್ತದೆ, ಆ ಒಂದು ಸಲದ ಶ್ರುತಿ ಬಹಳ ಬೆಲೆಯದು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಮನೆಗಳು ಕಚ್ಚಿದರೆ ಬಿಸಿಲಿಗೆ ಇಡಬೇಡಿ, ಗಾಳಿಯಾಡುವ ನೆರಳಲ್ಲಿ ಮುಚ್ಚಳ ತೆಗೆದಿಡಿ, ಇಲಿ ತಿದಿ ಕಡಿಯದಂತೆ ಎತ್ತರದಲ್ಲಿಡಿ ಎಂದು ರಿಪೇರಿಯವನು ಹೇಳಿ ಕಳಿಸಿದ. ಮೊದಲ ಮಳೆಗಾಲದಲ್ಲಿ ಎರಡು ಮನೆ ಕಚ್ಚಿದಾಗ ಅವನಿಗೇ ಫೋನು ಮಾಡಿದೆವು. ಯಾವ ಮೊಳೆ ಎಷ್ಟು ಸಡಿಲಿಸಬೇಕೆಂದು ಅವನು ಹೇಳುತ್ತ ಹೋದ, ಮೇಳದ ಹುಡುಗನೊಬ್ಬ ಮಾಡುತ್ತ ಹೋದ.

ಈಗ ಹೆಣ್ಣುಮಕ್ಕಳ ಭಜನಾ ಮಂಡಳಿಗೆ ಬೇರೆ ಪೇಟಿ ತರುವ ಮಾತು ನಡೆದಿದೆ. ಅವರು ಹಾಡುವುದು ಕರಿ ನಾಲ್ಕರಲ್ಲಿ. ಅಂಗಡಿಗೆ ಹೋಗುವಾಗ ಮುಂದಾಳಾಗಿ ಹಾಡುವ ಇಬ್ಬರನ್ನು ಕರೆದುಕೊಂಡೇ ಹೋಗಬೇಕು, ಅವರು ಅಲ್ಲೇ ಕೂತು ಒಂದು ಪದ ಪೂರ್ತಿ ಹಾಡಿದ ಮೇಲೆಯೇ ಬೆಲೆ ಕೇಳಬೇಕು ಎಂದು ಮಂಡಳಿಗೆ ಹೇಳಿದ್ದೇನೆ.