ಉಪಗ್ರಹ ಏಕೆ ಬೀಳುವುದಿಲ್ಲ?

1975ನೆಯ ಇಸವಿ ಏಪ್ರಿಲ್ 19ರಂದು ಸೋವಿಯತ್ ದೇಶದ ಕಪೂಸ್ತಿನ್ ಯಾರ್ ಎಂಬ ನೆಲೆಯಿಂದ ರಾಕೆಟ್ಟೊಂದು ಭಾರತದ ಪ್ರಥಮ ಕೃತಕ ಉಪಗ್ರಹವನ್ನು ಹೊತ್ತು ಗಗನಕ್ಕೇರಿತು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾದ ಅದರ ಹೆಸರು ಆರ್ಯಭಟ. ತೂಕ ಸುಮಾರು 360 ಕಿಲೋಗ್ರಾಂ. ನೆಲದಿಂದ ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಅದು 96 ನಿಮಿಷಗಳಿಗೊಮ್ಮೆ ಭೂಮಿಗೆ ಪ್ರದಕ್ಷಿಣೆ ಮಾಡತೊಡಗಿತು. ಕೆಲವೇ ದಿನಗಳಲ್ಲಿ ಅದರ ವಿದ್ಯುತ್ ವ್ಯವಸ್ಥೆ ಕೆಟ್ಟು ವಿಜ್ಞಾನ ಪ್ರಯೋಗಗಳು ನಿಂತವು. ಸುತ್ತುವುದು ಮಾತ್ರ ನಿಲ್ಲಲಿಲ್ಲ. ಮೇಲೆತ್ತಿ ಹಿಡಿಯುವ ರೆಕ್ಕೆಯಿಲ್ಲ, ಮುಂದೆ ನೂಕುವ ಯಂತ್ರವಿಲ್ಲ; ಆದರೂ ಅದು ಬೀಳಲಿಲ್ಲವೇಕೆ?

ಅಷ್ಟು ಮೇಲೆ ಗುರುತ್ವಾಕರ್ಷಣೆಯೇ ಇಲ್ಲವೆಂದು ಹಲವರು ಉತ್ತರಿಸುವುದುಂಟು. ಇದು ತಪ್ಪು ತಿಳಿವಳಿಕೆ. ಆ ಎತ್ತರದಲ್ಲಿಯೂ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇಕಡಾ 80ಕ್ಕೂ ಮಿಗಿಲಾಗಿರುತ್ತದೆ. ನಿಜವಾಗಿ ನೋಡಿದರೆ, ಉಪಗ್ರಹ ಕ್ಷಣಕ್ಷಣವೂ ಬೀಳುತ್ತಲೇ ಇರುತ್ತದೆ!

ಈ ಸೋಜಿಗವನ್ನು ಐಸಾಕ್ ನ್ಯೂಟನ್ ಮುನ್ನೂರು ವರ್ಷಗಳ ಹಿಂದೆಯೇ ಮನಗಂಡಿದ್ದನು. ಅತ್ಯುನ್ನತವಾದ ಪರ್ವತವೊಂದರ ನೆತ್ತಿಯಿಂದ ಫಿರಂಗಿ ಗುಂಡನ್ನು ಅಡ್ಡಲಾಗಿ ಹಾರಿಸಿದಂತೆ ಕಲ್ಪಿಸಿಕೊಳ್ಳಿ. ಗಾಳಿಯ ತಡೆ ಇಲ್ಲವೆಂದೇ ಇಟ್ಟುಕೊಳ್ಳೋಣ. ವೇಗ ಹೆಚ್ಚಿದಷ್ಟೂ ಗುಂಡು ದೂರ ಹೋಗಿ ಬೀಳುತ್ತದೆ. ನೆಲದ ಸಮೀಪದಲ್ಲಿ ಯಾವ ವಸ್ತುವಾದರೂ ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಕೆಳಕ್ಕಿಳಿಯುವುದು. ಭೂಮಿ ಗುಂಡಗಿರುವುದರಿಂದ, ನೇರವಾಗಿ 8 ಕಿಲೋಮೀಟರ್ ಸಾಗುವಷ್ಟರಲ್ಲಿ ನೆಲವೂ ಅಷ್ಟೇ ಕೆಳಗೆ ಬಾಗಿರುತ್ತದೆ. ಆದುದರಿಂದ ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಹೊರಟ ಗುಂಡು ಎಷ್ಟು ಬಿದ್ದರೂ ನೆಲವನ್ನು ಮುಟ್ಟಲಾರದು; ಭೂಮಿಯನ್ನು ಬಳಸಿ ಹೊರಟಲ್ಲಿಗೇ ಮರಳುವುದು. ರಾಕೆಟ್ಟಿನ ಕೆಲಸ ಉಪಗ್ರಹಕ್ಕೆ ಎತ್ತರದೊಡನೆ ಇಂಥ ವೇಗವನ್ನೂ ಕೊಡುವುದು. ಮುಂದಿನದೆಲ್ಲ ಭೂಮಿಯ ಸೆಳೆತದ ಪಾಲಿಗೆ ಸೇರಿದ್ದು. ಆ ಸೆಳೆತ ಒಮ್ಮೆಗೇ ಇಲ್ಲವಾದರೆ, ಕವಣೆಯಿಂದ ಕಳಚಿದ ಕಲ್ಲಿನಂತೆ ಉಪಗ್ರಹ ನೇರ ದಾರಿ ಹಿಡಿದು ಹೊರಟುಹೋದೀತು.

ಎತ್ತರ ಹೆಚ್ಚಿದಂತೆ ಸೆಳೆತ ಕುಗ್ಗುವುದರಿಂದ, ಕಕ್ಷೆಯಲ್ಲಿರಲು ಬೇಕಾದ ವೇಗವೂ ಕಡಿಮೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 3 ಕಿಲೋಮೀಟರ್ ಸಾಕು. ಅಲ್ಲಿ ಒಂದು ಸುತ್ತಿಗೆ ಒಂದು ದಿನ ಹಿಡಿಯುವುದರಿಂದ, ಭೂಮಧ್ಯರೇಖೆಯ ಮೇಲಿನ ಉಪಗ್ರಹ ಆಕಾಶದಲ್ಲಿ ನಿಂತೇ ಇರುವಂತೆ ತೋರುತ್ತದೆ. ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುವುದು ಇಂಥವನ್ನೇ.

ಆರ್ಯಭಟನ ದಾರಿ ಅಷ್ಟು ನಿರಾತಂಕವಾಗಿರಲಿಲ್ಲ. 600 ಕಿಲೋಮೀಟರ್ ಎತ್ತರದಲ್ಲಿಯೂ ಗಾಳಿಯ ಕಣಗಳು ವಿರಳವಾಗಿ ಇದ್ದೇ ಇವೆ. ಅವುಗಳ ತಡೆಯಿಂದ ಕಕ್ಷೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿತು. 1992ರ ಫೆಬ್ರವರಿಯಲ್ಲಿ ಆರ್ಯಭಟ ದಟ್ಟವಾದ ವಾಯುಮಂಡಲವನ್ನು ಹೊಕ್ಕು ಉರಿದುಹೋಯಿತು.