ಪುಟಪುಟಕ್ಕೂ ಬಿಗಿ: ಕಥನದ ಹಸ್ತಪ್ರತಿಯನ್ನು ತಿದ್ದುವ ಪಾಠ

(ಹೈಯರ್ ಸೆಕೆಂಡರಿ ತರಗತಿಗಳ ಸೃಜನಶೀಲ ಬರವಣಿಗೆಗೆ, 4 ಅವಧಿಗಳು)

ಪೀಠಿಕೆ

ಹೈಯರ್ ಸೆಕೆಂಡರಿ ಹಂತದಲ್ಲಿ ನೀಳ್ಗತೆಯನ್ನೋ ಕಿರುಕಾದಂಬರಿಯನ್ನೋ ಬರೆಯಲು ತೊಡಗುವ ವಿದ್ಯಾರ್ಥಿಗಳು ಪ್ರತಿ ಶಾಲೆಯಲ್ಲಿಯೂ ಒಬ್ಬಿಬ್ಬರಾದರೂ ಇರುತ್ತಾರೆ. ನಲವತ್ತು ಐವತ್ತು ಪುಟಗಳ ನೋಟುಪುಸ್ತಕವನ್ನು ಸಂಕೋಚದಿಂದ ಅಧ್ಯಾಪಕರ ಕೈಗೆ ಕೊಡುತ್ತಾರೆ. ಅದು ಮರಳಿ ಬರುವಾಗ ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪುಗಳಿಗೆ ಕೆಂಪು ಗೆರೆ ಬಿದ್ದಿರುತ್ತದೆ. ಕೊನೆಯಲ್ಲಿ ‘ಚೆನ್ನಾಗಿದೆ, ಇನ್ನೂ ಪ್ರಯತ್ನಿಸು’ ಎಂಬ ಒಂದು ವಾಕ್ಯವಿರುತ್ತದೆ. ಕಾಗುಣಿತವನ್ನು ತಿದ್ದುವುದು ಅವಶ್ಯವೇ. ಆದರೆ ಕಥೆಯನ್ನು ತಿದ್ದುವುದು ಬೇರೆಯೇ ಆದ ಕೆಲಸ. ಅದನ್ನು ಕಲಿಸದಿದ್ದರೆ, ಕನ್ನಡವು ಪರೀಕ್ಷೆಯಲ್ಲಿ ಅಂಕ ತರುವ ಭಾಷೆಯೇ ಹೊರತು ತನ್ನ ಮನೆಯ ಸಂಕಟವನ್ನು ಹೇಳಿಕೊಳ್ಳಲು ಒದಗುವ ಭಾಷೆಯಲ್ಲ ಎಂಬ ಭಾವನೆ ವಿದ್ಯಾರ್ಥಿಯಲ್ಲಿ ನೆಲೆಗೊಳ್ಳುತ್ತದೆ. ಗಡಿನಾಡಿನ ಶಾಲೆಗಳಲ್ಲಿ ಈ ನಷ್ಟ ಸಣ್ಣದಲ್ಲ.

ಇಂತಹ ಹಸ್ತಪ್ರತಿಗಳಲ್ಲಿ ಹೆಚ್ಚಾಗಿ ಕಾಣುವ ಕೊರತೆಯೆಂದರೆ ಬಿಗಿ ಇಲ್ಲದಿರುವುದು. ಕಥೆಯ ಆರಂಭದಲ್ಲಿ ಕುತೂಹಲವಿರುತ್ತದೆ, ಅಂತ್ಯದಲ್ಲಿ ದೊಡ್ಡ ಘಟನೆಯಿರುತ್ತದೆ. ನಡುವಿನ ಮೂವತ್ತು ಪುಟಗಳನ್ನು ಓದುಗನು ಕರ್ತವ್ಯವೆಂಬಂತೆ ದಾಟಬೇಕಾಗುತ್ತದೆ. ಪ್ರತಿಯೊಂದು ಪುಟಕ್ಕೂ ಬಿಗಿಯನ್ನು ತಂದುಕೊಳ್ಳುವ ಕ್ರಮವನ್ನು ತಿಳಿಸುವುದು ಈ ಪಾಠದ ಉದ್ದೇಶ.

ಬಿಗಿ ಎಂದರೇನು?

ಬಿಗಿಯೆಂದರೆ ಹೊಡೆದಾಟ, ಅಪಘಾತ, ಕೊಲೆ ಎಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ಮುಂದೇನಾಗುವುದೆಂಬುದನ್ನು ಬಚ್ಚಿಟ್ಟರೆ ಸಾಕು ಎಂಬ ನಂಬಿಕೆಯೂ ಇದೆ. ಈ ಎರಡೂ ಸಾಲವೆಂಬುದಕ್ಕೆ ಕಾಸರಗೋಡಿನ ನೆಲದಲ್ಲಿಯೇ ನಿದರ್ಶನವಿದೆ. ನಿರಂಜನರ ‘ಚಿರಸ್ಮರಣೆ’ (1955) ಕಯ್ಯೂರಿನ ರೈತ ಹೋರಾಟವನ್ನು ಆಧರಿಸಿದ ಕಾದಂಬರಿ. 1941ರ ಮಾರ್ಚ್ ತಿಂಗಳಲ್ಲಿ ನಡೆದ ಪ್ರತಿಭಟನೆಯ ವೇಳೆ ಒಬ್ಬ ಪೊಲೀಸನು ಹೊಳೆಯಲ್ಲಿ ಮುಳುಗಿ ಸತ್ತದ್ದು, ಆ ಪ್ರಕರಣದಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದ್ದು, ಎಲ್ಲರೂ ಬಲ್ಲ ಚರಿತ್ರೆ. ಅಂತ್ಯವನ್ನು ಮೊದಲೇ ಬಲ್ಲ ಓದುಗನೂ ಆ ಕಾದಂಬರಿಯನ್ನು ಕೈಬಿಡದೆ ಓದುತ್ತಾನೆ.

ತಾಳಮದ್ದಳೆಯ ಉದಾಹರಣೆ ಇನ್ನೂ ಸ್ಪಷ್ಟವಾದುದು. ‘ಕೃಷ್ಣ ಸಂಧಾನ’ ಪ್ರಸಂಗಕ್ಕೆ ಕುಳಿತ ಪ್ರತಿಯೊಬ್ಬ ಶ್ರೋತೃವಿಗೂ ಸಂಧಾನವು ಮುರಿಯುವುದೆಂದು ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಯಾವ ಗುಟ್ಟೂ ಇಲ್ಲ. ಆದರೂ ನಡುರಾತ್ರಿಯವರೆಗೆ ಜನ ಏಳುವುದಿಲ್ಲ. ಕೌರವನ ಅರ್ಥಧಾರಿ ತನ್ನ ಪಾತ್ರದ ಪಕ್ಷವನ್ನು ಬಿಟ್ಟುಕೊಡದಿರುವುದೇ ಇದಕ್ಕೆ ಕಾರಣ. ಕೃಷ್ಣನು ಒಂದು ನ್ಯಾಯವನ್ನು ಮುಂದಿಟ್ಟರೆ ಕೌರವನು ಇನ್ನೊಂದನ್ನು ಇಡುತ್ತಾನೆ. ಎದುರಿನವನ ಮಾತಿನಲ್ಲಿಯೂ ಹುರುಳಿದೆಯೆಂದು ಶ್ರೋತೃವಿಗೆ ಅನ್ನಿಸಿದ ಗಳಿಗೆಯಲ್ಲಿ ಬಿಗಿ ಹುಟ್ಟುತ್ತದೆ. ಕೌರವನ ಅರ್ಥಧಾರಿ ಸುಲಭವಾಗಿ ಸೋತುಹೋದ ರಾತ್ರಿ ಪ್ರಸಂಗವೂ ಸೋಲುತ್ತದೆ.

ಇದರಿಂದ ತರಗತಿಗೆ ಬೇಕಾದ ವ್ಯಾಖ್ಯೆಯೊಂದು ದೊರೆಯುತ್ತದೆ: ಒಂದು ಪುಟದಲ್ಲಿ ಎರಡು ಬಯಕೆಗಳು ಎದುರುಬದುರಾಗಿ ನಿಂತು, ಎರಡಕ್ಕೂ ಕಾರಣವಿದ್ದು, ಪುಟ ಮುಗಿಯುವಾಗಲೂ ಇತ್ಯರ್ಥವಾಗದೆ ಉಳಿದಿದ್ದರೆ ಆ ಪುಟದಲ್ಲಿ ಬಿಗಿ ಇದೆ. ಈ ಎರಡು ಬಯಕೆಗಳು ಇಬ್ಬರು ವ್ಯಕ್ತಿಗಳವಾಗಿರಬಹುದು. ಒಬ್ಬನ ಮನಸ್ಸಿನೊಳಗಿನವೇ ಆಗಿರಬಹುದು.

ನಾಟ್ಯಶಾಸ್ತ್ರವು ಕಾರ್ಯದ ಐದು ಅವಸ್ಥೆಗಳನ್ನು ಹೇಳುತ್ತದೆ: ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಇವುಗಳ ನಡುವಿನ ಪ್ರಾಪ್ತ್ಯಾಶೆಯಲ್ಲಿ ಫಲವು ದೊರೆಯುವ ಆಸೆಯೂ ಕೈತಪ್ಪುವ ಅಂಜಿಕೆಯೂ ಒಟ್ಟಿಗೆ ಇರುತ್ತವೆ. ಕಾದಂಬರಿಯ ನಡುಪುಟಗಳೆಲ್ಲವೂ ಹೆಚ್ಚುಕಡಿಮೆ ಈ ಅವಸ್ಥೆಯಲ್ಲಿಯೇ ಇರತಕ್ಕವು. ವಿದ್ಯಾರ್ಥಿಯ ಹಸ್ತಪ್ರತಿಯಲ್ಲಿ ಆಸೆ ಮಾತ್ರ ಇದ್ದರೆ ಅದು ವರದಿಯಾಗುತ್ತದೆ, ಅಂಜಿಕೆ ಮಾತ್ರ ಇದ್ದರೆ ಗೋಳಾಗುತ್ತದೆ.

ಬಿಗಿ ಸಡಿಲಿದ ಪುಟದ ಲಕ್ಷಣಗಳು

1. ಭಾವನೆಯ ಹೆಸರನ್ನು ಹೇಳಿ ಮುಗಿಸುವುದು. ‘ಅವಳಿಗೆ ತುಂಬಾ ದುಃಖವಾಯಿತು’ ಎಂದ ಮೇಲೆ ಓದುಗನಿಗೆ ಕಂಡುಕೊಳ್ಳಲು ಏನೂ ಉಳಿಯುವುದಿಲ್ಲ.

2. ದಿನಚರಿಯ ವಿವರ. ಏಳುವುದು, ಮುಖ ತೊಳೆಯುವುದು, ಚಹಾ ಕುಡಿಯುವುದು, ಬಸ್ಸು ಹತ್ತುವುದು. ಇವುಗಳಿಗೆ ಯಾವುದೇ ಅಡ್ಡಿ ಇಲ್ಲದಿದ್ದರೆ ಕಥೆಯಲ್ಲಿ ಸ್ಥಾನವೂ ಇಲ್ಲ.

3. ಒಪ್ಪಿಗೆಯ ಸಂಭಾಷಣೆ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ನೇರವಾಗಿ, ಪೂರ್ಣವಾಗಿ ಉತ್ತರಿಸುತ್ತ ಹೋಗುವುದು.

4. ಒಂದೇ ಕಡೆಯ ನ್ಯಾಯ. ಒಬ್ಬರು ಪೂರ್ತಿ ಒಳ್ಳೆಯವರು, ಎದುರಿನವರು ಕಾರಣವಿಲ್ಲದೆ ಕೆಟ್ಟವರು. ಕಸುಬು ಕಲಿತ ಬರಹಗಾರರಲ್ಲಿಯೂ ಕಾಣುವ ದೋಷವಿದು.

ಮಾದರಿ

ಕೆಳಗಿನ ಮಾದರಿಯನ್ನು ಈ ಪಾಠಕ್ಕಾಗಿಯೇ ರಚಿಸಲಾಗಿದೆ. ಮೊದಲ ಬರಹ:

‘ಆ ದಿನ ಬೆಳಿಗ್ಗೆ ಶಶಿಕಲಾ ಬೇಗ ಎದ್ದಳು. ಮುಖ ತೊಳೆದು ಚಹಾ ಕುಡಿದಳು. ಅವಳನ್ನು ಬೇರೆ ಮಾಧ್ಯಮದ ಶಾಲೆಗೆ ಸೇರಿಸಬೇಕೆಂದು ಅಪ್ಪ ನಿರ್ಧರಿಸಿದ್ದರು. ಅವಳಿಗೆ ತುಂಬಾ ದುಃಖವಾಯಿತು. ಅಜ್ಜಿಗೂ ಬೇಸರವಾಯಿತು. ಅಪ್ಪನಿಗೆ ಎದುರಾಡುವಂತಿರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಶಾಲೆಗೆ ಹೋಗಿ ಟಿ.ಸಿ. ಪಡೆದರು.’

ವಿಷಯ ಗಂಭೀರವಾದುದೇ. ಭಾಷೆಯಲ್ಲಿ ತಪ್ಪಿಲ್ಲ. ಆದರೂ ಮೇಲಿನ ನಾಲ್ಕು ಲಕ್ಷಣಗಳಲ್ಲಿ ಮೂರು ಇಲ್ಲಿವೆ. ತಿದ್ದುವ ಮುನ್ನ ಮೂವರ ಬಯಕೆಗಳನ್ನು ಪಟ್ಟಿ ಮಾಡಬೇಕು. ಅಪ್ಪನಿಗೆ ಬಸ್ಸು ಹಿಡಿಯಬೇಕು. ಶಶಿಕಲಾಳಿಗೆ ಇಂದೊಂದು ದಿನವಾದರೂ ತರಗತಿಯಲ್ಲಿ ಕುಳಿತುಕೊಳ್ಳಬೇಕು. ಅಜ್ಜಿಗೆ ಹೇಗಾದರೂ ಹೊತ್ತು ಕಳೆಯಬೇಕು. ತಿದ್ದಿದ ಬರಹ:

ಅಪ್ಪ ಅರ್ಜಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

‘ಒಂಬತ್ತರ ಬಸ್ಸಿಗೆ ಹೋಗುವ. ಚೀಲ ಬೇಡ.’

‘ಇವತ್ತು ಪದ್ಯ ಬಾಯಿಪಾಠ ಒಪ್ಪಿಸಲಿಕ್ಕೆ ಉಂಟು ಅಪ್ಪ.’

‘ಇನ್ನು ಯಾರಿಗೆ ಒಪ್ಪಿಸುವುದು?’

ಅಜ್ಜಿ ದೋಸೆ ತಂದು ಬಡಿಸಿದರು. ಕೇಳದಿದ್ದರೂ ಎರಡನೆಯದನ್ನು ಹಾಕಿದರು, ಮೂರನೆಯದನ್ನೂ ಹಾಕಿದರು. ಗಡಿಯಾರ ಎಂಟೂಮುಕ್ಕಾಲು ತೋರಿಸುತ್ತಿತ್ತು.

‘ಸಾಕಮ್ಮ, ಬಸ್ಸು ತಪ್ಪುತ್ತದೆ.’

‘ತಪ್ಪಿದರೆ ನಾಳೆ ಹೋದರಾಯಿತು.’ ಮಗನ ಮುಖ ನೋಡದೆ ಅಜ್ಜಿ ಕಾವಲಿಗೆ ಮತ್ತೊಂದು ಸೌಟು ಹಿಟ್ಟು ಹೊಯ್ದರು.

ಶಶಿಕಲಾ ಪದ್ಯದ ಪುಸ್ತಕವನ್ನು ಅರ್ಜಿಯ ಚೀಲವಿಲ್ಲದ ಕೈಯಲ್ಲಿ ಹಿಡಿಯಲಾರದೆ, ಶಾಲಿನ ಮರೆಗೆ ಸರಿಸಿಕೊಂಡಳು.

ದುಃಖ, ಬೇಸರ ಎಂಬ ಪದಗಳು ಹೋಗಿವೆ. ಅಜ್ಜಿಯ ವಿರೋಧ ದೋಸೆಯಾಗಿ ಬಂದಿದೆ. ಪುಸ್ತಕ ಅಪ್ಪನ ಕಣ್ಣಿಗೆ ಬೀಳುವುದೇ ಎಂಬ ಪ್ರಶ್ನೆ ಮುಂದಿನ ಪುಟಕ್ಕೆ ಉಳಿದಿದೆ. ಕೊನೆಯ ವಾಕ್ಯ ಮಾತ್ರ ಇನ್ನೂ ತೊಡಕಾಗಿದೆ. ಹೇಳಬೇಕಾದದ್ದಕ್ಕಿಂತ ಹೆಚ್ಚನ್ನು ಒಂದೇ ಉಸಿರಿನಲ್ಲಿ ಹೇಳಲು ಹೊರಟ ವಾಕ್ಯವದು. ‘ಶಶಿಕಲಾ ಪದ್ಯದ ಪುಸ್ತಕವನ್ನು ಶಾಲಿನ ಮರೆಗೆ ಸರಿಸಿಕೊಂಡಳು’ ಎಂದರೆ ಸಾಕು. ಈ ತಿದ್ದುಪಡಿಯನ್ನು ವಿದ್ಯಾರ್ಥಿಗಳೇ ಸೂಚಿಸುವಂತೆ ಬಿಡುವುದು ಒಳ್ಳೆಯದು.

ಆದರೆ ನಾಲ್ಕನೆಯ ದೋಷ ಇನ್ನೂ ಉಳಿದಿದೆ. ಅಪ್ಪ ಇಲ್ಲಿ ಬರಿಯ ಅಡ್ಡಿ. ಅವರಿಗೂ ಒಂದು ಕಾರಣವನ್ನು ಕೊಡಬೇಕು. ಬಸ್ಸಿನಲ್ಲಿ ಅವರು ಹೀಗೆನ್ನಲಿ:

‘ಈ ಅರ್ಜಿ ನಾನು ಬರೆದದ್ದಲ್ಲ ಮಗಾ. ಆಫೀಸಿಗೆ ಬೇಕಾದ ಭಾಷೆಯಲ್ಲಿ ಬರೆಯಲಿಕ್ಕೆ ನನಗೆ ಬರುವುದಿಲ್ಲ. ಒಂದು ಕಾಗದ ಬಂದರೆ ಓದಿಸಲಿಕ್ಕೆ ನಾಲ್ಕು ಮನೆ ತಿರುಗುತ್ತೇನೆ. ನೀನೂ ತಿರುಗಬೇಕಾ?’

ಈ ನಾಲ್ಕು ವಾಕ್ಯಗಳಿಂದ ಹಿಂದಿನ ಪುಟದ ಅರ್ಥವೂ ಬದಲಾಗುತ್ತದೆ. ಓದುಗನು ಹುಡುಗಿಯ ಪಕ್ಷವನ್ನು ಬಿಡುವುದಿಲ್ಲ, ಆದರೆ ಅಪ್ಪನನ್ನು ತಳ್ಳಿಹಾಕಲೂ ಆಗುವುದಿಲ್ಲ. ಗಡಿನಾಡಿನ ಅನೇಕ ಮನೆಗಳಲ್ಲಿ ನಡೆಯುವ ಮಾತು ಇದೇ ಆದುದರಿಂದ ವಿದ್ಯಾರ್ಥಿಗಳು ಇಲ್ಲಿ ಮೌನವಾಗುವುದುಂಟು. ಅಧ್ಯಾಪಕರು ಆ ಮೌನವನ್ನು ಉಪದೇಶದಿಂದ ತುಂಬಬಾರದು. ಯಾರು ಸರಿ ಎಂಬ ತೀರ್ಪನ್ನು ಕೇಳದೆ, ‘ಅಪ್ಪನ ಮಾತಿಗೆ ಶಶಿಕಲಾ ಏನು ಹೇಳಿಯಾಳು?’ ಎಂದಷ್ಟೇ ಕೇಳಿ ಬರೆಯಲು ಬಿಡಬೇಕು.

ತರಗತಿಯ ಕ್ರಮ

ಮೊದಲ ಅವಧಿ: ಮೇಲಿನ ಎರಡು ಬರಹಗಳನ್ನು ಗಟ್ಟಿಯಾಗಿ ಓದಿಸಿ ಹೋಲಿಸಬೇಕು. ನಾಲ್ಕು ಲಕ್ಷಣಗಳನ್ನು ವಿದ್ಯಾರ್ಥಿಗಳೇ ಗುರುತಿಸಲಿ.

ಎರಡನೆಯ ಅವಧಿ: ಪ್ರತಿಯೊಬ್ಬರೂ ತಮ್ಮ ಹಸ್ತಪ್ರತಿಯ ಪ್ರತಿ ಪುಟದ ಅಂಚಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಈ ಪುಟದಲ್ಲಿ ಯಾರಿಗೆ ಏನು ಬೇಕು? ಅಡ್ಡಿಯಾದವರಿಗೆ ಇರುವ ಕಾರಣವೇನು? ಪುಟದ ಕೊನೆಯಲ್ಲಿ ಯಾವುದು ಇತ್ಯರ್ಥವಾಗದೆ ಉಳಿದಿದೆ? ಉತ್ತರ ಹೊಳೆಯದ ಪುಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಬೇಕು.

ಮೂರನೆಯ ಅವಧಿ: ಹಾಳೆಗಳನ್ನು ಬಿಡಿಸಿ, ಕ್ರಮ ತಪ್ಪಿಸಿ, ಸಹಪಾಠಿಯ ಕೈಗೆ ಕೊಡಬೇಕು. ಅಮೆರಿಕದ ಸಾಹಿತ್ಯ ಪ್ರತಿನಿಧಿ ಡೊನಾಲ್ಡ್ ಮಾಸ್ ಅವರು ಕಾದಂಬರಿಕಾರರಿಗೆ ಕಲಿಸುವ ವಿಧಾನವಿದು. ಕ್ರಮವಾಗಿ ಓದುವಾಗ ಬರೆದವನ ನೆನಪು ಪುಟದ ಕೊರತೆಯನ್ನು ತುಂಬಿಕೊಳ್ಳುತ್ತದೆ. ಬಿಡಿಯಾಗಿ ಎತ್ತಿಕೊಂಡ ಹಾಳೆ ತನ್ನ ಬಲದಿಂದಲೇ ನಿಲ್ಲಬೇಕಾಗುತ್ತದೆ. ಹಾಳೆಗಳಿಗೆ ಮೊದಲೇ ಸಂಖ್ಯೆ ಹಾಕಿರಬೇಕು. ಸಹಪಾಠಿಯ ಗಮನ ಎಲ್ಲಿ ಜಾರಿತೋ ಅಲ್ಲೊಂದು ಚುಕ್ಕೆ ಇಟ್ಟರೆ ಸಾಕು, ಟೀಕೆ ಬೇಡ.

ನಾಲ್ಕನೆಯ ಅವಧಿ: ಗುರುತು ಬಿದ್ದ ಪುಟಗಳಲ್ಲಿ ಒಂದನ್ನು ಆಯ್ದು ಪುನಃ ಬರೆಯಬೇಕು. ಪುಟಕ್ಕೆ ಬಿಗಿ ತರಲು ಸಾಧ್ಯವೇ ಇಲ್ಲವೆಂದಾದರೆ ಅದನ್ನು ಎರಡು ವಾಕ್ಯಗಳಿಗೆ ಇಳಿಸುವುದೂ ತಿದ್ದುವಿಕೆಯೇ.

ಗಮನಿಸಬೇಕಾದ ಅಂಶಗಳು

ಪ್ರತಿ ಪುಟಕ್ಕೂ ಬಿಗಿ ಬೇಕೆಂದರೆ ಪ್ರತಿ ಪುಟದಲ್ಲಿಯೂ ಜಗಳ ಬೇಕೆಂದಲ್ಲ. ಮದ್ದಳೆಯನ್ನು ಶ್ರುತಿಗೆ ತಕ್ಕಷ್ಟು ಬಿಗಿಯುತ್ತಾರೆ. ಅತಿಯಾಗಿ ಬಿಗಿದರೆ ನಾದ ಕೆಡುತ್ತದೆ. ತಾಯಿ ಮಗುವಿಗೆ ತಲೆ ಬಾಚುವ ಶಾಂತವಾದ ಪುಟದಲ್ಲಿಯೂ, ಅವಳು ಹೇಳಬೇಕೆಂದುಕೊಂಡು ಹೇಳದೆ ಉಳಿಸಿಕೊಂಡ ಒಂದು ಮಾತಿದ್ದರೆ ಸಾಕು.

ವಿದ್ಯಾರ್ಥಿಯ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ ಅಥವಾ ಹವ್ಯಕ ಕನ್ನಡವಾಗಿದ್ದರೆ ಸಂಭಾಷಣೆಯನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬಾರದು. ‘ಹೋಗೋಣ’ ಎಂದು ತಿದ್ದಿದರೆ ‘ಹೋಗುವ’ ಎಂದ ಅಪ್ಪ ಕಾಣೆಯಾಗುತ್ತಾರೆ. ನಿರೂಪಣೆಯ ಕನ್ನಡ ಶುದ್ಧವಾಗಿರಲಿ, ಮಾತು ಮನೆಯದಾಗಿರಲಿ.

ಮನೆಯ ನೋವನ್ನೇ ಬರೆದ ವಿದ್ಯಾರ್ಥಿಯ ಪುಟವನ್ನು ಅವರ ಅನುಮತಿಯಿಲ್ಲದೆ ತರಗತಿಯಲ್ಲಿ ಓದಿಸಬಾರದು.

ಮೌಲ್ಯಮಾಪನ

ಹಸ್ತಪ್ರತಿಯ ಒಟ್ಟು ಗುಣಕ್ಕೆ ಅಂಕ ನೀಡುವ ಬದಲು ಮೊದಲ ಪ್ರತಿ ಮತ್ತು ತಿದ್ದಿದ ಪ್ರತಿ ಎರಡನ್ನೂ ಜತೆಗಿಟ್ಟು ನೋಡಬೇಕು. ತೆಗೆದ ವಾಕ್ಯಗಳಿಗೆ ಕಾರಣವನ್ನು ವಿದ್ಯಾರ್ಥಿ ಹೇಳಬಲ್ಲನೇ? ಎದುರಿನ ಪಾತ್ರಕ್ಕೆ ಹೊಸದಾಗಿ ಒಂದು ನ್ಯಾಯ ದೊರೆತಿದೆಯೇ? ಇವೆರಡನ್ನು ಮುಖ್ಯವಾಗಿ ಪರಿಶೀಲಿಸಬೇಕು. ತಾನು ಒಪ್ಪದವರ ಮಾತನ್ನೂ ಅವರು ಆಡುವಷ್ಟೇ ಬಲವಾಗಿ ತನ್ನ ಕನ್ನಡದಲ್ಲಿ ಬರೆಯಲು ಕಲಿತ ವಿದ್ಯಾರ್ಥಿ, ಮುಂದೆ ಕಾದಂಬರಿಯನ್ನು ಬರೆಯದಿದ್ದರೂ ಈ ಪಾಠದ ಪ್ರಯೋಜನವನ್ನು ಪಡೆದಂತೆಯೇ.