ತಲೆಕೆಳಗಾದ ಲೋಕ

ಮೆಟ್ಟಿಲನ್ನು ಏರುವವನು ಪ್ರತಿಯೊಂದು ಹೆಜ್ಜೆಯನ್ನೂ ಲೆಕ್ಕ ಹಾಕುವುದಿಲ್ಲ. ಎದುರಿಗಿರುವ ಲೋಟವನ್ನು ಎತ್ತಿಕೊಳ್ಳುವವಳು ಅದು ಎಷ್ಟು ದೂರದಲ್ಲಿದೆಯೆಂದು ಅಳೆಯುವುದಿಲ್ಲ. ಕಣ್ಣು ಕಾಣುತ್ತದೆ, ಕೈ ಚಾಚುತ್ತದೆ, ಕೆಲಸ ಮುಗಿಯುತ್ತದೆ. ಇಷ್ಟು ಸುಲಭವಾಗಿ ತೋರುವ ಈ ಕ್ರಿಯೆಗಳ ಹಿಂದೆ ಮನಸ್ಸಿನ ದೀರ್ಘವಾದ ಕಲಿಕೆಯು ಅಡಗಿದೆ. ಆ ಕಲಿಕೆಯಲ್ಲಿ ತಪ್ಪುಗಳ ಪಾತ್ರ ಬಹು ದೊಡ್ಡದು.

ಹೊರಗಿನ ದೃಶ್ಯವು ಕಣ್ಣಿನೊಳಗಿನ ಅಕ್ಷಿಪಟಲದ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಖಗೋಳವಿಜ್ಞಾನಿ ಯೋಹಾನೆಸ್ ಕೆಪ್ಲರ್ ಅವರು 1604ರಲ್ಲಿಯೇ ಇದನ್ನು ವಿವರಿಸಿದ್ದರು. ಅಕ್ಷಿಪಟಲದಲ್ಲಿ ಮರದ ಬುಡ ಮೇಲಕ್ಕೂ ತುದಿ ಕೆಳಕ್ಕೂ ಇರುತ್ತದೆ. ಆದರೂ ನೋಡುವವನಿಗೆ ಮರವು ನೆಟ್ಟಗೇ ಕಾಣುತ್ತದೆ. ಹಾಗಾದರೆ ಲೋಕವು ನೆಟ್ಟಗೆ ಕಾಣಬೇಕಾದರೆ ಒಳಗಿನ ಚಿತ್ರವು ತಲೆಕೆಳಗಾಗಿಯೇ ಇರಬೇಕೆ? ಅದನ್ನು ತಿರುಗಿಸಿಬಿಟ್ಟರೆ ಏನಾದೀತು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಸ್ಟ್ರ್ಯಾಟನ್ ತಮ್ಮ ಮೇಲೆಯೇ ಪ್ರಯೋಗ ನಡೆಸಿದರು. ಅವರು ಎಡಗಣ್ಣನ್ನು ಮುಚ್ಚಿಕೊಂಡು, ಬಲಗಣ್ಣಿಗೆ ಮಸೂರಗಳ ಒಂದು ಸಾಧನವನ್ನು ಧರಿಸಿದರು. ಅದರ ಮೂಲಕ ನೋಡಿದಾಗ ಮೇಲಿನದು ಕೆಳಗೆ, ಎಡಗಡೆಯದು ಬಲಗಡೆಗೆ ಕಾಣುತ್ತಿತ್ತು. ರಾತ್ರಿ ಸಾಧನವನ್ನು ತೆಗೆದಾಗ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಹೀಗೆ ಎಂಟು ದಿನಗಳ ಕಾಲ ನಡೆಸಿದ ಪ್ರಯೋಗದ ವಿವರವನ್ನು ಅವರು 1897ರಲ್ಲಿ ಪ್ರಕಟಿಸಿದರು.

ಮೊದಲ ದಿನ ಅವರ ಪಾಡು ಹೇಳತೀರದು. ವಸ್ತು ಒಂದೆಡೆ ಇದ್ದರೆ ಕೈ ಇನ್ನೊಂದೆಡೆಗೆ ಹೋಗುತ್ತಿತ್ತು. ಸಾಮಾನ್ಯವಾದ ಕೆಲಸಕ್ಕೂ ಯೋಚಿಸಿ, ತಡವರಿಸಿ ಕೈಯಿಡಬೇಕಾಗಿತ್ತು. ಆದರೆ ಸ್ಟ್ರ್ಯಾಟನ್ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ನಡೆದರು, ಮುಟ್ಟಿದರು, ತಪ್ಪಿದರು, ತಿದ್ದಿಕೊಂಡರು. ದಿನಗಳು ಉರುಳಿದಂತೆ ಕೈಕಾಲುಗಳು ಹೊಸ ನೋಟಕ್ಕೆ ಹೊಂದಿಕೊಂಡವು. ಕೆಲಸದಲ್ಲಿ ಮಗ್ನರಾಗಿದ್ದಾಗ ಲೋಕವು ನೆಟ್ಟಗಿರುವಂತೆಯೇ ಅವರಿಗೆ ಭಾಸವಾಗತೊಡಗಿತು. ಕೊನೆಗೆ ಸಾಧನವನ್ನು ಕಳಚಿದಾಗ ಮತ್ತೊಂದು ಅಚ್ಚರಿ ಕಾದಿತ್ತು: ಹಳೆಯ ಲೋಕವೇ ಕೆಲವು ಗಂಟೆಗಳವರೆಗೆ ಅಪರಿಚಿತವಾಗಿ ತೋರಿತು; ಕೈಯು ಮತ್ತೆ ತಪ್ಪು ದಿಕ್ಕಿಗೆ ಚಾಚಿತು!

ಕಣ್ಣು ಸುದ್ದಿಯನ್ನು ತರುತ್ತದೆ. ಅದರ ಅರ್ಥವನ್ನು ಮನಸ್ಸು ಕಲಿತುಕೊಳ್ಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಕೈ ಚಾಚುವ ಮೊದಲೇ ಅದು ಎಲ್ಲಿಗೆ ತಲುಪಬೇಕೆಂದು ಮಿದುಳು ಊಹಿಸಿರುತ್ತದೆ. ಊಹೆಗೂ ಫಲಕ್ಕೂ ವ್ಯತ್ಯಾಸ ಕಂಡಾಗ ಮುಂದಿನ ಚಲನೆಯನ್ನು ತಿದ್ದುತ್ತದೆ. ‘ಹಾಡುತ್ತ ಹಾಡುತ್ತ ರಾಗ’ ಎಂಬ ಗಾದೆಯು ಹೇಳುವುದೂ ಇದನ್ನೇ. ಮೊದಲ ಅಪಸ್ವರವನ್ನು ಕಿವಿಯು ಗುರುತಿಸದಿದ್ದರೆ ರಾಗವು ಎಂದಿಗೂ ಕೈಗೂಡದು.

ಮಿದುಳು ತನ್ನ ತಪ್ಪನ್ನು ಗುರುತಿಸುವ ವೇಗವು ವಿಸ್ಮಯಕರವಾದುದು. ಬೇಗಬೇಗನೆ ಗುಂಡಿ ಒತ್ತುವ ಪರೀಕ್ಷೆಯಲ್ಲಿ ತಪ್ಪು ಮಾಡಿದವರು ಮುಂದಿನ ಬಾರಿ ತುಸು ನಿಧಾನಿಸುತ್ತಾರೆಂಬುದನ್ನು ಬ್ರಿಟನ್ನಿನ ಪ್ಯಾಟ್ರಿಕ್ ರ‍್ಯಾಬಿಟ್ 1966ರಲ್ಲಿ ತೋರಿಸಿದರು. 1990ರ ದಶಕದ ಆರಂಭದಲ್ಲಿ ಜರ್ಮನಿ ಮತ್ತು ಅಮೆರಿಕದ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ಕಂಡುಹಿಡಿದರು. ತಪ್ಪು ಗುಂಡಿಯನ್ನು ಒತ್ತಿದ ಮೇಲೆ, ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ಮಿದುಳಿನಲ್ಲಿ ವಿಶಿಷ್ಟವಾದ ವಿದ್ಯುತ್ ಸಂಕೇತವೊಂದು ಏಳುತ್ತದೆ.

ಸಂಕೇತವು ತಾನಾಗಿ ಏಳುತ್ತದೆ. ಅದಕ್ಕೆ ಕಿವಿಗೊಡುವುದು ಮಾತ್ರ ಎಲ್ಲರಲ್ಲಿಯೂ ಒಂದೇ ಸಮನಾಗಿಲ್ಲ. 2011ರಲ್ಲಿ ಅಮೆರಿಕದ ಜೇಸನ್ ಮೋಸರ್ ಮತ್ತು ಸಂಗಡಿಗರು ಒಂದು ಚಿಕ್ಕ ಅಧ್ಯಯನವನ್ನು ಪ್ರಕಟಿಸಿದರು. ಬುದ್ಧಿಯನ್ನು ಪರಿಶ್ರಮದಿಂದ ಬೆಳೆಸಿಕೊಳ್ಳಬಹುದೆಂದು ನಂಬಿದವರ ಮಿದುಳು ತಪ್ಪಿನ ಕಡೆಗೆ ಹೆಚ್ಚು ಗಮನ ಕೊಡುತ್ತಿತ್ತು. ತಪ್ಪಿನ ಮರುಕ್ಷಣದಲ್ಲಿ ಅವರ ಉತ್ತರಗಳು ಹೆಚ್ಚು ಸರಿಯಾಗಿದ್ದವು.

ಲೆಕ್ಕದ ಪುಸ್ತಕದಲ್ಲಿ ಕೆಂಪು ಗುರುತನ್ನು ಕಂಡ ಕೂಡಲೇ ಪುಟವನ್ನು ಮಗುಚುವ ವಿದ್ಯಾರ್ಥಿಯಿದ್ದಾನೆ. ಅದೇ ಗುರುತಿನ ಬಳಿ ನಿಂತು, ಯಾವ ಹಂತದಲ್ಲಿ ದಾರಿ ತಪ್ಪಿತೆಂದು ಹುಡುಕುವ ವಿದ್ಯಾರ್ಥಿಯೂ ಇದ್ದಾನೆ. ತಪ್ಪು ಇಬ್ಬರದೂ ಒಂದೇ. ಮೊದಲನೆಯವನು ನಾಚಿಕೆಯನ್ನಷ್ಟೇ ಹೊತ್ತು ಮುಂದೆ ಹೋಗುತ್ತಾನೆ. ಎರಡನೆಯವನಿಗೆ ಮುಂದಿನ ಲೆಕ್ಕದ ದಾರಿ ತಿಳಿಯುತ್ತದೆ. ತಲೆಕೆಳಗಾದ ಲೋಕದಲ್ಲಿ ಎಂಟು ದಿನ ನಡೆದಾಡಿದ ಸ್ಟ್ರ್ಯಾಟನ್ ಅವರ ಕೈಗೆ ಸರಿಯಾದ ದಿಕ್ಕನ್ನು ತೋರಿಸಿದ್ದು, ಅದು ತಪ್ಪಿದ ದಿಕ್ಕೇ ಆಗಿತ್ತು.